ನೀವು ಹೇಳಿದ ಕಾದಂಬರಿಯನ್ನು ಗೆಳೆಯರು ಓದುವಂತಾಗಲು: ಹದಿಹರೆಯದ ಓದುಗರಿಗೆ ಹಂತ ಹಂತದ ಮಾರ್ಗದರ್ಶಿ

"ನಾನು ಹೇಳಿದ ಪುಸ್ತಕ ಯಾರೂ ಓದೋದೇ ಇಲ್ಲ."

ಶನಿವಾರ ಸಂಜೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳ ಜೊತೆ ಕೂರುತ್ತೇನೆ. ಅಲ್ಲಿ ಜಾಸ್ತಿ ಕೇಳುವ ದೂರು ಇದೇ. ಹೇಳುವವರಿಗೆ ಪುಸ್ತಕದ ಮೇಲೆ ನಿಜವಾದ ಪ್ರೀತಿ ಇರುತ್ತದೆ. ಕೇಳುವವರೂ "ಹೂಂ, ಕೊಡು" ಅಂತ ಇಸಿದುಕೊಳ್ಳುತ್ತಾರೆ. ಮೂರು ತಿಂಗಳಾದ ಮೇಲೆ ಅದೇ ಪುಸ್ತಕ ಬ್ಯಾಗಿನ ತಳದಿಂದ ಎದ್ದು ಬರುತ್ತದೆ. ರಟ್ಟಿಗೆ ಟಿಫನ್ ಡಬ್ಬಿಯ ಎಣ್ಣೆ ಮೆತ್ತಿರುತ್ತದೆ, ಒಳಗೆ 12ನೇ ಪುಟದಲ್ಲಿ ಬಸ್ ಟಿಕೆಟ್ಟು ಸಿಕ್ಕಿಕೊಂಡಿರುತ್ತದೆ.

ಎಡವಟ್ಟಾಗುವುದು ಬಹಳ ಸಲ ಕ್ರಮದಲ್ಲಿ. ನಾವು ಪುಸ್ತಕ ಹಿಡಿದುಕೊಂಡು ಅದಕ್ಕೊಬ್ಬ ಓದುಗನನ್ನು ಹುಡುಕುತ್ತೇವೆ. ಓದುಗನನ್ನು ಮೊದಲು ನೋಡಿ, ಆಮೇಲೆ ಪುಸ್ತಕ ಹುಡುಕಬೇಕು. ಕೆಳಗಿನ ಹಂತಗಳನ್ನು ಬರೆದ ಸಾಲಿನಲ್ಲೇ ಮಾಡಿ. ಮೂರನೆಯದನ್ನು ಹಾರಿಸಿದವರು ತಿರುಗಿ ಅಲ್ಲಿಗೇ ಬಂದದ್ದನ್ನು ನೋಡಿದ್ದೇನೆ.

ಬೇಕಾದ ಸಾಮಾನು

ಒಂದು ಚಿಕ್ಕ ನೋಟ್‌ಬುಕ್, ಒಂದು ಪೆನ್ಸಿಲ್, ಗ್ರಂಥಾಲಯದ ಕಾರ್ಡು. ಕೊಡಲಿರುವ ಪುಸ್ತಕ ಕೈಯಲ್ಲೇ ಇರಬೇಕು, ಫೋನಿನಲ್ಲಿ ಅದರ ಫೋಟೊ ಇದ್ದರೆ ಸಾಲದು. ಹಾಗೇ ಗೆಳೆಯನ ಜೊತೆ ಹತ್ತಿಪ್ಪತ್ತು ನಿಮಿಷ, ಅದೂ ಬೇರೆ ಯಾರೂ ಪಕ್ಕದಲ್ಲಿಲ್ಲದ ಹೊತ್ತು. ನಾಲ್ಕು ಜನರ ಮುಂದೆ "ನೀನು ಏನು ಓದ್ತೀಯಾ?" ಅಂತ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ.

ಹಂತ 1: ನೀವು ಅದನ್ನು ಮುಗಿಸಿದ್ದೀರಾ?

ಕೇಳಲು ಬೇಡದ ಪ್ರಶ್ನೆ ಅನ್ನಿಸಬಹುದು. ಆದರೆ ಅರ್ಧ ಓದಿದ ಪುಸ್ತಕವನ್ನು ಹೊಗಳುವುದು ನಮ್ಮಲ್ಲಿ ಬಹಳ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದ, ಏಳುನೂರು ಪುಟ ದಾಟುವ ಕಾದಂಬರಿ. ಶುರುವಿನಲ್ಲೇ ಬರುವ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಆಚೆಗೆ ಹೋಗದ ಎಷ್ಟೋ ಮಂದಿ ಅದನ್ನು ಇನ್ನೊಬ್ಬರಿಗೆ "ಓದಲೇಬೇಕು" ಅನ್ನುತ್ತಾರೆ.

ಪರೀಕ್ಷೆ ಸುಲಭ. ಪುಸ್ತಕ ಮುಚ್ಚಿ. ಬೆನ್ನುಪುಟದಲ್ಲಿ ಬರೆಯದ ಒಂದು ದೃಶ್ಯವನ್ನು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ. ಯಾರು, ಎಲ್ಲಿ, ಏನು ಮಾಡಿದರು, ಇಷ್ಟೇ ಸಾಕು. ಬರೆಯಲು ಆಗದಿದ್ದರೆ ಆ ಪುಸ್ತಕ ಈ ಸಲಕ್ಕೆ ಬೇಡ.

ಹಂತ 2: ಗೆಳೆಯನನ್ನು ಕೇಳಿ, ಆದರೆ ಪುಸ್ತಕದ ಬಗ್ಗೆ ಕೇಳಬೇಡಿ

"ನಿನಗೆ ಯಾವ ತರಹದ ಕಾದಂಬರಿ ಇಷ್ಟ?" ಎಂಬ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ. ಓದದೇ ಇರುವವರಿಗೆ ಉತ್ತರ ಗೊತ್ತಿರುವುದಿಲ್ಲ. ಅವರು ಸುಮ್ನೆ "ಯಾವುದಾದ್ರೂ ಓಕೆ" ಅನ್ನುತ್ತಾರೆ. ಆ ಮಾತು ಬಂತೆಂದರೆ ಪ್ರಶ್ನೆ ಬದಲಿಸಿ.

ಇತ್ತೀಚೆಗೆ ನಿದ್ದೆಗೆಟ್ಟು ನೋಡಿದ್ದು ಏನು ಅಂತ ಕೇಳಿ. ಸೀರಿಸ್ಸೋ, ಕ್ರಿಕೆಟ್ ಮ್ಯಾಚೋ, ಹಾವು ಹಿಡಿಯುವವರ ವಿಡಿಯೋವೋ ಇರಬಹುದು. ಆಮೇಲೆ, ಅರ್ಧಕ್ಕೆ ಬಿಟ್ಟದ್ದು ಏನು, ಯಾಕೆ ಅಂತ ಕೇಳಿ. ಈ ಎರಡನೇ ಉತ್ತರ ಮೊದಲನೆಯದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. "ತುಂಬಾ ಜನ ಇದ್ರು, ಯಾರು ಯಾರು ಅಂತ ಗೊತ್ತಾಗ್ಲಿಲ್ಲ" ಅಂದರೆ ದೊಡ್ಡ ಕುಟುಂಬದ ಕಾದಂಬರಿಗಳೆಲ್ಲ ಪಟ್ಟಿಯಿಂದ ಹೊರಗೆ. "ಏನೂ ಆಗೋದೇ ಇಲ್ಲ" ಅಂದರೆ ನಿಧಾನದ ಪುಸ್ತಕಗಳು ಹೊರಗೆ. ಕೊನೆಗೆ, ದಿನದಲ್ಲಿ ಖಾಲಿ ಸಿಗುವ ಹೊತ್ತು ಯಾವುದು ಅಂತ ಕೇಳಿ. ಬಸ್ಸಿನಲ್ಲಿ ನಿಂತುಕೊಂಡು ಓದಬೇಕಾದವರಿಗೆ ದಪ್ಪ ರಟ್ಟಿನ ಪುಸ್ತಕ ಕೊಟ್ಟರೆ ಅದು ಮನೆಯಲ್ಲೇ ಉಳಿಯುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು, ವಿಷಯಕ್ಕೆ ವಿಷಯ ಜೋಡಿಸುವುದು. ಕ್ರಿಕೆಟ್ ನೋಡುವವನಿಗೆ ಕ್ರಿಕೆಟ್ ಕತೆ, ನಾಯಿ ಸಾಕುವವಳಿಗೆ ನಾಯಿ ಕತೆ. ಕ್ರಿಕೆಟ್ ನೋಡುವವನಿಗೆ ಬೇಕಾಗಿರುವುದು ಕೊನೆಯ ಓವರಿನ ತಳಮಳ ಇರಬಹುದು, ಅಲ್ವಾ? ಅವನಿಗೆ ಉಸಿರು ಬಿಗಿಹಿಡಿದು ಓದಿಸುವ, ತೇಜಸ್ವಿಯವರ ‘ಜುಗಾರಿ ಕ್ರಾಸ್’ ಹಿಡಿಸಬಹುದು, ಅದರಲ್ಲಿ ಒಂದು ಬ್ಯಾಟೂ ಇಲ್ಲದಿದ್ದರೂ.

ಹಂತ 3: ಕನ್ನಡ ಓದುವ ವೇಗ ನೋಡಿಕೊಳ್ಳಿ

ಹೆಚ್ಚಿನ ಶಿಫಾರಸುಗಳು ಸಾಯುವುದು ಇಲ್ಲೇ. ಆದರೂ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಯಾಕೆಂದರೆ ಹೇಳಿಕೊಳ್ಳಲು ನಾಚಿಕೆ. ಇಂಗ್ಲಿಷ್ ಮೀಡಿಯಮ್ಮಿನ ಎಷ್ಟೋ ಹುಡುಗರು ಮನೆಯಲ್ಲಿ ಪಟಪಟ ಕನ್ನಡ ಮಾತಾಡುತ್ತಾರೆ, ಆದರೆ ಒತ್ತಕ್ಷರಗಳ ಸಾಲು ಬಂದರೆ ಬೆರಳಿಟ್ಟು ಓದುತ್ತಾರೆ. ಅಂಥವರು "ಬೋರ್ ಆಯ್ತು" ಅಂದರೆ ಅರ್ಧ ಸಲ ಅದರ ಅರ್ಥ "ಸುಸ್ತಾಯ್ತು".

ಅಳೆಯುವುದು ಹೀಗೆ. ಪುಸ್ತಕದ ನಡುವಿನ ಯಾವುದಾದರೂ ಪುಟ ತೆಗೆದು, "ಇದೊಂದು ಪುಟ ನೋಡು, ಭಾಷೆ ಹೇಗಿದೆ ಹೇಳು" ಅಂತ ಕೊಡಿ. ಗಟ್ಟಿಯಾಗಿ ಓದಿಸಬೇಡಿ. ಗೋಡೆ ಗಡಿಯಾರ ನೋಡಿಕೊಳ್ಳಿ, ಆದರೆ ನೋಡುತ್ತಿದ್ದೀರಿ ಅಂತ ಅವರಿಗೆ ಗೊತ್ತಾಗಬಾರದು. ಎರಡು ನಿಮಿಷದೊಳಗೆ ತಲೆ ಎತ್ತಿದರೆ ಚಿಂತೆಯಿಲ್ಲ. ನಾಲ್ಕು ನಿಮಿಷ ಹಿಡಿದರೆ ಸ್ವಲ್ಪ ಲೆಕ್ಕ ಹಾಕಿ. ಆ ವೇಗದಲ್ಲಿ 150 ಪುಟಕ್ಕೆ 600 ನಿಮಿಷ, ಅಂದರೆ 10 ಗಂಟೆ. ದಿನಕ್ಕೆ ಅರ್ಧ ಗಂಟೆ ಕೂತರೆ 20 ದಿನ. ಇದು ಆಗುವ ಮಾತು. ಅದೇ 700 ಪುಟಕ್ಕೆ 2800 ನಿಮಿಷ, ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳಿಗೂ ಮೇಲೆ. ನಡುವೆ ಒಂದು ಪರೀಕ್ಷೆ ಬಂದೇ ಬರುತ್ತದೆ, ಪುಸ್ತಕ ಅಲ್ಲಿಗೆ ಮುಗಿಯಿತು.

ನಾನೂ ಈ ತಪ್ಪು ಮಾಡಿದ್ದೇನೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿಗೆ, ಅವಳ ಉತ್ಸಾಹ ನೋಡಿ, ನನ್ನ ಕಪಾಟಿನಲ್ಲಿದ್ದ ಎಲ್ಲಕ್ಕಿಂತ ದಪ್ಪ ಪುಸ್ತಕ ಕೊಟ್ಟೆ. ನಾಲ್ಕು ತಿಂಗಳ ಮೇಲೆ ತಂದುಕೊಟ್ಟಳು. 31ನೇ ಪುಟದ ಮೂಲೆ ಮಡಚಿತ್ತು. "ಚೆನ್ನಾಗಿತ್ತು ಸರ್" ಅಂದಳು. ಆಮೇಲೆ ಐದಾರು ವಾರ ಗ್ರಂಥಾಲಯದ ಕಡೆ ಬರಲೇ ಇಲ್ಲ.

ಇನ್ನೊಂದು ತೊಡಕು ಊರ ಮಾತು. ಪುಟ ಕಡಿಮೆ ಇದ್ದ ಮಾತ್ರಕ್ಕೆ ಪುಸ್ತಕ ಸುಲಭ ಅಂತಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ ತೆಳ್ಳಗಿದೆ, ಆದರೆ ಪೂರ್ತಿ ಚಾಮರಾಜನಗರ–ನಂಜನಗೂಡು ಕಡೆಯ ಆಡುಮಾತಿನ ಲಯದಲ್ಲಿದೆ. ಆ ಕಡೆಯ ಹುಡುಗರಿಗೆ ಅದು ಅಜ್ಜಿ ಮಾತಾಡಿದ ಹಾಗೆ ಕೇಳಿಸಬಹುದು. ಧಾರವಾಡದವನೊಬ್ಬ ಎರಡನೇ ಪುಟಕ್ಕೇ ನಿಲ್ಲಬಹುದು. ಗೆಳೆಯನ ಮನೆಮಾತು ಯಾವ ಕಡೆಯದು ಅಂತ ತಿಳಿದುಕೊಂಡರೆ ಇದೇ ತೊಡಕು ನಿಮ್ಮ ಪರವಾಗಿಯೂ ಕೆಲಸ ಮಾಡುತ್ತದೆ.

ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ ಎನ್ನುವ ಸಂಬಂಧಿಕರು ಹೊರನಾಡಿನಲ್ಲೋ ಹೊರದೇಶದಲ್ಲೋ ನಿಮಗೂ ಇರಬಹುದು. ಅವರಿಗೆ ಪುಸ್ತಕ ಪೋಸ್ಟ್ ಮಾಡಿ ಪ್ರಯೋಜನವಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ಒಂದು ಅಧ್ಯಾಯ ಓದಿ ಹೇಳಿ, ಇಲ್ಲವೇ ಅನುವಾದ ಇರುವ ಪುಸ್ತಕ ಆರಿಸಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದಕ್ಕೆ ಸರಿ. ಶ್ರೀನಾಥ್ ಪೆರೂರ್ ಅದನ್ನು ಇಂಗ್ಲಿಷಿಗೆ ತಂದಿದ್ದಾರೆ. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ಓದಿ ಆ ವಿಚಿತ್ರ ಹೆಸರಿನ ಬಗ್ಗೆ ಮಾತಾಡಬಹುದು.

ಹಂತ 4: ಒಂದೇ ಒಂದು ಆರಿಸಿ

ಹತ್ತು ಪುಸ್ತಕದ ಪಟ್ಟಿ ಕಳಿಸಬೇಡಿ. ಪಟ್ಟಿಗೆ ಬರುವ ಉತ್ತರ ಒಂದು ಥಂಬ್ಸ್ ಅಪ್, ಅಷ್ಟೇ.

ಎರಡು ಮತ್ತು ಮೂರನೇ ಹಂತದಲ್ಲಿ ಸಿಕ್ಕಿದ್ದನ್ನು ಎದುರಿಗೆ ಇಟ್ಟುಕೊಂಡು ಕೂಡಿಸಿ. ನಾನು ಮಾಡುವುದು ಹೀಗೆ: ಓಟ ಬೇಕು ಅನ್ನುವವರಿಗೆ ‘ಜುಗಾರಿ ಕ್ರಾಸ್’. ನಗು ಬೇಕು, ಕಾಡು ಬೇಕು, ಓದುವ ವೇಗ ಕಡಿಮೆ ಅಂದರೆ ‘ಕರ್ವಾಲೋ’. ಮನೆಯ ರಾಜಕೀಯ, ಯಾರ ಜೊತೆ ಯಾರು ಮಾತು ಬಿಟ್ಟರು ಎನ್ನುವುದರಲ್ಲಿ ರುಚಿ ಇರುವವರಿಗೆ ‘ಘಾಚರ್ ಘೋಚರ್’. ಹಾಸ್ಟೆಲಿನಲ್ಲಿದ್ದುಕೊಂಡು ಅಜ್ಜ ಅಜ್ಜಿಯ ನೆನಪು ಮಾಡಿಕೊಳ್ಳುವವರಿಗೆ, ನಿಧಾನ ಆದರೂ ಪರವಾಗಿಲ್ಲ ಅನ್ನುವವರಿಗೆ ಶಿವರಾಮ ಕಾರಂತರ ‘ಬೆಟ್ಟದ ಜೀವ’. ಇವು ನನ್ನ ಜೋಡಿಗಳು. ನೀವು ಓದಿದ ಪುಸ್ತಕಗಳಿಂದ ನಿಮ್ಮದೇ ಜೋಡಿ ಮಾಡಿಕೊಳ್ಳಿ.

ಪ್ರಶಸ್ತಿ ನೋಡಿ ಆರಿಸಬೇಡಿ. 1977ರಲ್ಲಿ ಜ್ಞಾನಪೀಠ ಬಂತು ಎಂಬ ಕಾರಣಕ್ಕೆ ಕಾರಂತರದೇ ‘ಮೂಕಜ್ಜಿಯ ಕನಸುಗಳು’ ಮೊದಲ ಕಾದಂಬರಿಯಾಗಿ ಎಷ್ಟು ಮಕ್ಕಳ ಕೈಗೆ ಹೋಗಿ ಹಾಗೇ ವಾಪಸ್ ಬಂದಿದೆಯೋ! ಅದು ನಾಲ್ಕನೆಯದೋ ಐದನೆಯದೋ ಆಗಿ ಬಂದರೆ ಅದರ ಕತೆಯೇ ಬೇರೆ.

ಹಂತ 5: ಮೂರು ಸಾಲಿನ ಮಾತು ಕಟ್ಟಿ

ಈಗ ಬಾಯಿ ತೆರೆಯುವ ಸಮಯ. ಮೊದಲು ಕೆಡುವ ಮಾದರಿ ನೋಡಿ:

"ಕರ್ವಾಲೋ ಓದೋ, ಸೂಪರ್ ಬುಕ್. ತೇಜಸ್ವಿ ಬರೆದಿದ್ದು. ಪ್ರಕೃತಿ, ವಿಜ್ಞಾನ ಎಲ್ಲ ಇದೆ. ಕನ್ನಡಿಗರು ಅಂದ್ಮೇಲೆ ಓದ್ಲೇಬೇಕು."

ಇದರಲ್ಲಿ ಕತೆ ಎಲ್ಲಿದೆ? "ಸೂಪರ್" ಎಂಬುದು ನಿಮ್ಮ ಖುಷಿಯನ್ನು ಹೇಳುತ್ತದೆ, ಪುಸ್ತಕದ ಬಗ್ಗೆ ಏನೂ ಹೇಳುವುದಿಲ್ಲ. "ಪ್ರಕೃತಿ, ವಿಜ್ಞಾನ" ಅಂದ ಕೂಡಲೇ ಕೇಳುವವನಿಗೆ ಪಠ್ಯಪುಸ್ತಕ ಕಾಣುತ್ತದೆ. "ಓದ್ಲೇಬೇಕು" ಅಂದರೆ ಹೋಮ್‌ವರ್ಕ್.

ಈಗ ಕೆಲಸ ಮಾಡುವ ಮಾದರಿ:

"ಮೂಡಿಗೆರೆ ಕಡೆ ಒಬ್ಬ ರೈತ ಇದ್ದಾನೆ, ಜಮೀನಿನ ಕಷ್ಟ ಸಾಕಾಗಿ ಎಲ್ಲ ಬಿಟ್ಟು ಹೋಗೋಣ ಅಂತ ಯೋಚನೆ ಮಾಡ್ತಿದ್ದಾನೆ. ಅದೇ ಊರಲ್ಲಿ ಮಂದಣ್ಣ ಅಂತ ಒಬ್ಬ, ಯಾವ ಕೆಲಸಕ್ಕೂ ಬಾರದವನು ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಅಂಥವನ ಹಿಂದೆ ಒಬ್ಬ ದೊಡ್ಡ ವಿಜ್ಞಾನಿ ಯಾಕೆ ಬಿದ್ದಿದ್ದಾರೆ ಅನ್ನೋದೇ ಇವನಿಗೆ ಅರ್ಥ ಆಗಲ್ಲ."

ಮೊದಲ ಸಾಲಿನಲ್ಲಿ ಒಬ್ಬ ಮನುಷ್ಯ ಮತ್ತು ಅವನ ತಾಪತ್ರಯ. ಎರಡನೆಯದರಲ್ಲಿ ಇನ್ನೊಬ್ಬ. ಮೂರನೆಯದರಲ್ಲಿ ಒಂದು ಪ್ರಶ್ನೆ. ಅಲ್ಲಿಗೆ ನಿಲ್ಲಿಸಿ. ಕಾಡಿನಲ್ಲಿ ಏನನ್ನು ಹುಡುಕುತ್ತಾರೆ ಅಂತ ಹೇಳಬೇಡಿ. ಗೊತ್ತು, ಹೇಳಲು ನಾಲಿಗೆ ತುರಿಸುತ್ತದೆ. ನನ್ನದೊಂದು ನಿಯಮವಿದೆ: ಪುಸ್ತಕದ ಮೊದಲ ಕಾಲು ಭಾಗದಲ್ಲಿ ಬರದಿರುವ ಯಾವುದನ್ನೂ ಮಾತಿನಲ್ಲಿ ತರಬಾರದು. "ಕೊನೆಯಲ್ಲಿ ಒಂದು ಟ್ವಿಸ್ಟ್ ಇದೆ" ಅನ್ನುವುದೂ ಹೇಳಿಬಿಟ್ಟ ಹಾಗೆಯೇ. ಓದುವವರು ಆಮೇಲೆ ಕತೆ ಬಿಟ್ಟು ಟ್ವಿಸ್ಟ್ ಕಾಯುತ್ತಾ ಕೂರುತ್ತಾರೆ.

ಮೂರು ಸಾಲು ಆದ ಮೇಲೆ ಅವರಿಗೇ ಅಂತ ಒಂದು ಮಾತು ಸೇರಿಸಿ: "ನೀನು ಆ ಹಾವಿನ ವಿಡಿಯೋ ಎಲ್ಲ ನೋಡ್ತೀಯಲ್ಲ, ಅದಕ್ಕೇ ನಿನಗೆ ಹೇಳ್ದೆ." ತನಗಾಗಿ ಯೋಚಿಸಿ ತಂದದ್ದು ಅಂತ ಗೊತ್ತಾದರೆ ಪುಸ್ತಕ ಬ್ಯಾಗಿನ ತಳಕ್ಕೆ ಅಷ್ಟು ಬೇಗ ಹೋಗುವುದಿಲ್ಲ.

ತರಗತಿಯಲ್ಲಿ ಎಲ್ಲರ ಮುಂದೆ ಮಾತಾಡಬೇಕಾದರೂ, ಒಂದು ನಿಮಿಷದ ವಿಡಿಯೋ ಮಾಡುವುದಾದರೂ ಇದೇ ಮೂರು ಸಾಲು ಸಾಕು. ಲೇಖಕರ ಹುಟ್ಟಿದ ಊರು, ಪ್ರಶಸ್ತಿಗಳು ಬೇಡ. ಅದನ್ನು ಕನ್ನಡ ಪರೀಕ್ಷೆಯಲ್ಲಿ ಬರೆದರೆ ಆಯಿತು.

ಹಂತ 6: ಭಾರದ ಪುಸ್ತಕವಾದರೆ ಮೊದಲೇ ಹೇಳಿ

ನಮ್ಮ ಒಳ್ಳೆಯ ಕಾದಂಬರಿಗಳಲ್ಲಿ ಸಂಕಟ ಜಾಸ್ತಿ. 1933ರ ‘ಚೋಮನ ದುಡಿ’ಯಲ್ಲಿ ಜಾತಿಯ ಕ್ರೌರ್ಯ ಇದೆ, ಸಾವುಗಳಿವೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದಲ್ಲಿ ಎಳೆ ಹುಡುಗಿಯೊಬ್ಬಳು ವಿಧವೆಯಾಗಿ ತಲೆ ಬೋಳಿಸಿಕೊಂಡು ಬದುಕಬೇಕಾಗುತ್ತದೆ. ಓದಬಾರದು ಅಂತಲ್ಲ. ಆದರೆ ಮನೆಯಲ್ಲಿ ಈಚೆಗೆ ಸಾವಾಗಿರುವ ಗೆಳತಿಗೆ ಏನೂ ಹೇಳದೆ ಇಂಥದ್ದನ್ನು ಕೊಡಬಾರದು. "ಇದರಲ್ಲಿ ಸಾವಿದೆ, ಈಗ ಬೇಡ ಅನ್ನಿಸಿದರೆ ಆಮೇಲೆ ಕೊಡ್ತೀನಿ" ಅನ್ನಿ. ಒಂದು ಸಾಲು ಸಾಕು. ಯಾರಿಗೆ, ಹೇಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ತಪ್ಪನ್ನು ಒಳ್ಳೆಯ ಮನಸ್ಸಿನವರೇ ಮಾಡುತ್ತಾರೆ. ಪುಸ್ತಕದಲ್ಲಿ ನೋವು ತಿಂದ ಜಾತಿಯದ್ದೋ ಧರ್ಮದ್ದೋ ಗೆಳೆಯನಿಗೆ ಅದೇ ಪುಸ್ತಕ ಕೊಟ್ಟು "ಇದು ನಿಮ್ಮವರ ಕತೆ, ಓದು" ಅನ್ನುವುದು. ಅವನೂ ನಿಮ್ಮ ಹಾಗೆ ಕಳ್ಳ–ಪೊಲೀಸ್ ಕತೆ ಓದಲು ಕಾಯುತ್ತಿರಬಹುದು. ಎರಡನೇ ಹಂತದ ಪ್ರಶ್ನೆಗಳು ಎಲ್ಲರಿಗೂ ಒಂದೇ.

ಮನೆಯವರ ಕಣ್ಣಿಗೆ ಬಿದ್ದರೆ ಗಲಾಟೆ ಆಗುವಂಥ ಪುಸ್ತಕವಾದರೆ ಗೆಳೆಯನಿಗೆ ಅದನ್ನೂ ತಿಳಿಸಿ. ಒಯ್ಯುವುದೋ ಬೇಡವೋ ಅವರೇ ತೀರ್ಮಾನಿಸಲಿ.

ಹಂತ 7: ಪುಸ್ತಕ ಅಂದೇ ಕೈಗೆ ಸಿಗಲಿ

ಹೇಳಿದ ದಿನ ಮತ್ತು ಪುಸ್ತಕ ಸಿಕ್ಕ ದಿನದ ನಡುವೆ ವಾರ ಕಳೆದರೆ ಆಸೆ ಆರಿಹೋಗುತ್ತದೆ. ಅದಕ್ಕೇ ಪುಸ್ತಕ ಕೈಯಲ್ಲಿಟ್ಟುಕೊಂಡು ಮಾತು ಶುರು ಮಾಡಿ ಅಂದದ್ದು.

ನಿಮ್ಮ ಪ್ರತಿ ಇಲ್ಲದಿದ್ದರೆ ಗ್ರಂಥಾಲಯ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡುತ್ತಾ ಬಂದಿದ್ದಾರೆ. ಶಾಲೆಯ ಲೈಬ್ರರಿ ಬೀರುವಿಗೆ ಬೀಗ ಇದ್ದರೆ ಒಬ್ಬರೇ ಹೋಗಿ ಕೇಳಬೇಡಿ. ನಾಲ್ಕು ಜನ ಸೇರಿ, ಬೇಕಾದ ಪುಸ್ತಕದ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಏನಾದ್ರೂ ಕೊಡಿ ಮಿಸ್" ಅಂದರೆ ಬೀಗದ ಕೈ ಸಿಗುವುದಿಲ್ಲ, ಹೆಸರು ಹೇಳಿದರೆ ಸಿಗುತ್ತದೆ.

ವಾಟ್ಸಾಪಿನಲ್ಲಿ ಓಡಾಡುವ ಪಿಡಿಎಫ್ ಕಳಿಸಬೇಡಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಕಾರಂತರು 1997ರಲ್ಲಿ, ತೇಜಸ್ವಿ 2007ರಲ್ಲಿ. ಅಂದರೆ ಈ ಮೂವರ ಪುಸ್ತಕಗಳೂ ಇನ್ನೂ ಹಕ್ಕಿನಲ್ಲಿವೆ. ಕಾದಂಬರಿಗಾರ್ತಿ ತ್ರಿವೇಣಿ 1963ರಲ್ಲೇ ತೀರಿಕೊಂಡವರು, ಅವರ ಕಾದಂಬರಿಗಳಿಗೆ ಆ ಅವಧಿ 2023ರ ಕೊನೆಗೆ ಮುಗಿದಿದೆ. ಕಾನೂನು ಹಾಗಿರಲಿ, ಅಡ್ಡಾದಿಡ್ಡಿ ಸ್ಕ್ಯಾನ್ ಮಾಡಿದ ಪುಟವನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದುವುದೇ ಒಂದು ಶಿಕ್ಷೆ. ಮೊದಲ ಸಲ ಓದುವವರಿಗಂತೂ ಬೇಡವೇ ಬೇಡ.

ಕೊಡುವಾಗ ಒಳರಟ್ಟಿನಲ್ಲಿ ಪೆನ್ಸಿಲಿನಿಂದ ವಾಪಸ್ ಕೊಡುವ ದಿನಾಂಕ ಬರೆಯಿರಿ. ಗ್ರಂಥಾಲಯದ ಪುಸ್ತಕವಾದರೆ ಚೀಟಿಯಲ್ಲಿ ಬರೆದು ಒಳಗಿಡಿ.

ಹಂತ 8: 20 ಪುಟ, ಆಮೇಲೆ ಬಾಯಿ ಮುಚ್ಚಿ

ಕೊಡುವಾಗಲೇ ಹೇಳಿ: "20 ಪುಟ ಓದು. ಹಿಡಿಸದಿದ್ದರೆ ವಾಪಸ್ ಕೊಡು, ನಾನೇನೂ ಅನ್ಕೊಳ್ಳಲ್ಲ." ಹೀಗಂದ ಮೇಲೆ ನಿಜವಾಗಿಯೂ ಏನೂ ಅಂದುಕೊಳ್ಳಬಾರದು. ಒಂದು ವಾರ ಆ ಪುಸ್ತಕದ ಸುದ್ದಿ ಎತ್ತಬೇಡಿ. "ಎಲ್ಲಿಗೆ ಬಂತು? ಅವನು ಬಂದ್ನಾ?" ಅಂತ ದಿನಾ ಕೇಳುವ ಗೆಳೆಯನಿಗಿಂತ ಟ್ಯೂಷನ್ ಸರ್ ವಾಸಿ.

ಅಪಾಯದ ಗುರುತುಗಳು ತಾವಾಗಿಯೇ ಕಾಣುತ್ತವೆ. ನಿಮ್ಮನ್ನು ಕಂಡರೆ ದಾರಿ ಬದಲಿಸುವುದು. ಕೇಳದೇ ಇದ್ದರೂ "ಓದ್ತಿದ್ದೀನಿ, ಸ್ವಲ್ಪ ಬ್ಯುಸಿ" ಅನ್ನುವುದು. "ಸಿನಿಮಾ ಇದೆಯಂತಲ್ಲ, ಅದನ್ನೇ ನೋಡ್ತೀನಿ" ಅನ್ನುವುದು. ಎಲ್ಲಕ್ಕಿಂತ ಖಚಿತವಾದದ್ದು, "ಚೆನ್ನಾಗಿತ್ತು" ಎಂಬ ಒಂದೇ ಪದ. ನಿಜವಾಗಿ ಓದಿದವರು ಪುಸ್ತಕದಲ್ಲಿರುವ ಒಬ್ಬರನ್ನಾದರೂ ಬೈಯುತ್ತಾರೆ.

ಈ ಗುರುತು ಕಂಡರೆ ನೀವೇ ಹೋಗಿ ಪುಸ್ತಕ ಕೇಳಿ ಇಸಿದುಕೊಳ್ಳಿ. "ನನಗೊಂದು ಸಲ ಬೇಕಿತ್ತು" ಅನ್ನಿ. ಸಣ್ಣ ಸುಳ್ಳು, ಪರವಾಗಿಲ್ಲ. ಪುಸ್ತಕ ಕೈಯಿಂದ ಹೋದರೆ ಅವರ ತಲೆಯ ಮೇಲಿನ ಭಾರವೂ ಹೋಗುತ್ತದೆ.

ಹಂತ 9: ಮುಗಿಸಿದರೆ ಏನು ಕೇಳಬೇಕು, ಬಿಟ್ಟರೆ ಏನು ಬರೆದುಕೊಳ್ಳಬೇಕು

ಮುಗಿಸಿದವರನ್ನು "ಇಷ್ಟ ಆಯ್ತಾ?" ಅಂತ ಕೇಳಿದರೆ ಹೌದು, ಇಲ್ಲ ಎರಡೇ ಉತ್ತರ. "ಯಾರ ಮೇಲೆ ಸಿಟ್ಟು ಬಂತು?" ಅಂತ ಕೇಳಿ ನೋಡಿ. ಬೇಕಾದರೆ ‘ಬೆಟ್ಟದ ಜೀವ’ ಓದಿದವರನ್ನು, ಮನೆ ಬಿಟ್ಟು ಹೋದ ಮಗನದು ತಪ್ಪೋ ಅಲ್ಲವೋ ಅಂತ ಕೇಳಿ. ಮಾತು ಬೇಗ ಮುಗಿಯುವುದಿಲ್ಲ. ಅವರು ನಿಮ್ಮ ಮೆಚ್ಚಿನ ಪಾತ್ರವನ್ನು ಬೈದರೆ ವಾದಕ್ಕೆ ಇಳಿಯಬೇಡಿ, ಕೇಳಿಸಿಕೊಳ್ಳಿ. ಮುಂದಿನ ಪುಸ್ತಕದ ಸುಳಿವು ಆ ಬೈಗುಳದಲ್ಲೇ ಇರುತ್ತದೆ.

ಬಿಟ್ಟವರ ಬಗ್ಗೆ ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆದುಕೊಳ್ಳಿ: ಯಾವ ಪುಸ್ತಕ, ಯಾವ ಪುಟಕ್ಕೆ ನಿಂತರು, ಅಲ್ಲಿ ಏನಿದೆ. ಆ ಪುಟ ತೆಗೆದು ನೀವೇ ಓದಿ ನೋಡಿ. ಎರಡು ಪುಟದ ಬೆಟ್ಟದ ವರ್ಣನೆ ಇದೆಯೋ, ಒಟ್ಟಿಗೆ ಆರು ಹೊಸ ಹೆಸರು ಬಂದಿವೆಯೋ ಕಾಣುತ್ತದೆ. ಒಂದೇ ಪುಟದಲ್ಲಿ ಇಬ್ಬರು ನಿಂತಿದ್ದರೆ ಮುಂದಿನ ಸಲ ಕೊಡುವಾಗ "ಇಲ್ಲಿ ಸ್ವಲ್ಪ ನಿಧಾನ, ನಾಲ್ಕು ಪುಟ ಹಾರಿಸಿದ್ರೂ ನಡೆಯುತ್ತೆ" ಅಂತ ಚೀಟಿ ಇಡಿ. ಹಾರಿಸಿ ಓದುವುದು ಪಾಪ ಅಲ್ಲ. ಅದೇ ಗೆಳೆಯನಿಗೆ ಮತ್ತೊಂದು ಪುಸ್ತಕ ಕೊಡುವ ಮೊದಲು ಒಂದು ತಿಂಗಳಾದರೂ ಬಿಡಿ, ಎರಡನೇ ಹಂತದಿಂದ ಮತ್ತೆ ಶುರು ಮಾಡಿ.

ಒಂದು ಪುಸ್ತಕ ಮುಗಿದ ಮೇಲೆ ಸರದಿ ಬದಲಿಸಿ. ಈಗ ಅವರು ಹೇಳಲಿ, ನೀವು ಓದಿ. ಅವರು ತಂದುಕೊಡುವುದು ನಿಮಗೆ ಕಂಡರಾಗದ ಪತ್ತೇದಾರಿಯೋ, ಲವ್ ಸ್ಟೋರಿಯೋ ಆಗಿರಬಹುದು. ಮುಖ ಸಿಂಡರಿಸದೆ ಇಸಿದುಕೊಳ್ಳಿ. 20 ಪುಟದ ರಿಯಾಯಿತಿ ನಿಮಗೂ ಇದೆ.